ಹೊಟ್ಟಿನಲ್ಲಿ ಹೂತ ಗಡಿಗೆ

ವೈದ್ಯ ಶಿವಪುತ್ರಪ್ಪನಿಗೆ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಆದರೂ ಬೆಲ್ಲದ ನೀರಿನಲ್ಲಿ ಧಾತಕಿ ಹೂ ನೆನೆದ ವಾಸನೆ ಬಂದರೆ ಸಾಕು, ಆತ ಮತ್ತೆ ಮಲಪ್ರಭೆಯ ದಂಡೆಯ ಆ ಪುಟ್ಟ ಆಶ್ರಮದ ಅಂಗಳದಲ್ಲಿ ಮೀಸೆ ಚಿಗುರಿದ ತರುಣನಾಗಿ ನಿಂತುಬಿಡುತ್ತಾನೆ.

ಎಂಥ ದಿನಗಳವು! ಉಣ್ಣಲು ನುಚ್ಚು ಮಜ್ಜಿಗೆ, ಹೊದೆಯಲು ಒಂದು ಕಂಬಳಿ, ಕಲಿಸಲು ಅಡವಯ್ಯಪ್ಪನವರು. ಅಷ್ಟು ಸುಖ ಆಮೇಲೆ ಅವನಿಗೆ ಎಲ್ಲಿಯೂ ಸಿಗಲಿಲ್ಲ. ಆಗ ಮಾತ್ರ ಅದು ಸುಖವೆಂದು ಗೊತ್ತಿರಲಿಲ್ಲ.

ಆಗ ಅವನಿಗೆ ಒಂದೇ ಚಿಂತೆ. ಅವನು ಅರೆದ ಚೂರ್ಣ ಗಂಟಾಗುತ್ತಿತ್ತು, ಕಾಸಿದ ಎಣ್ಣೆ ಸೀಯುತ್ತಿತ್ತು. ತನಗೆ ಕೈಗುಣವೇ ಇಲ್ಲವೇನೋ ಎಂದು ಒಳಗೊಳಗೇ ಕೊರಗುತ್ತಿದ್ದ.

ಮಾಗಿಯ ಶುರುವಿನಲ್ಲಿ ಅವನ ಅಣ್ಣ ಮಹಾರುದ್ರಪ್ಪ ಊರಿಂದ ಬಂದ.

"ಅಪ್ಪಾರ, ನಮ್ಮ ಶಿವಪುತ್ರ ಏನಾರ ಕಲ್ತಾನೇನ್ರಿ?"

ಅಡವಯ್ಯಪ್ಪನವರು ಅವನ ಮುಖವನ್ನೇ ನೋಡುತ್ತಿದ್ದರು. ಯಾರು ಮಾತಾಡಿದರೂ ಅವರು ಹಾಗೇ, ಕಣ್ಣು ಕದಲಿಸುತ್ತಿರಲಿಲ್ಲ. ಎಷ್ಟು ಮನಸ್ಸಿಟ್ಟು ಕೇಳುತ್ತಾರೆ ನೋಡಿ ಎಂದು ಜನ ಕೊಂಡಾಡುತ್ತಿದ್ದರು.

"ನಡದೈತಿ," ಎಂದರು.

"ಮನ್ಯಾಗ ಗಾಣಕ್ಕ ಆಳಿಲ್ರಿ. ಸಂಕ್ರಮಣಕ್ಕ ಬರ್ತೀನಿ. ಇವನ ಕೈಯಾಗ ಏನಾರ ವಿದ್ಯೆ ಕಂಡ್ರ ಇರಲಿ. ಇಲ್ಲಾಂದ್ರ ಕರ್ಕೊಂಡು ಹೋಗ್ತೀನ್ರಿ."

ಅಣ್ಣ ಹೋದ ಮೇಲೆ ಗುರುಗಳು ಒಂದು ಖಾಲಿ ಗಡಿಗೆ ತಂದು ಶಿಷ್ಯನ ಮುಂದಿಟ್ಟರು.

"ಈ ಸಲ ದ್ರಾಕ್ಷಾಸವ ನೀನ ಹಾಕು. ನಾ ಕೈ ಹಚ್ಚೂದಿಲ್ಲ."

ಬಾಣಂತಿಯರಿಗೆ, ಜ್ವರದಿಂದ ಎದ್ದು ಸೊರಗಿದವರಿಗೆ ಕೊಡುವ ಔಷಧ ಅದು. ಶಿವಪುತ್ರ ಒಣದ್ರಾಕ್ಷಿ ಕುದಿಸಿ ಆರಿಸಿದ. ಬೆಲ್ಲ ಕರಗಿಸಿದ, ಹುದುಗು ಎಬ್ಬಿಸುವ ಧಾತಕಿ ಹೂ ಹಾಕಿದ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಕೋಣೆಯ ಮೂಲೆಯಲ್ಲಿದ್ದ ಹೊಟ್ಟಿನ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತಿಟ್ಟ. ಒಳಗೆ ಹುದುಗು ಎದ್ದರೆ ಸಣ್ಣಗೆ ಗುಳುಗುಳು ಕೇಳಬೇಕು.

ಅಡವಯ್ಯಪ್ಪನವರು ದಿನಾ ಮುಂಜಾನೆ ಬಂದು ಕುಕ್ಕರಗಾಲಲ್ಲಿ ಕೂತು ಗಡಿಗೆಗೆ ಕಿವಿ ಹಚ್ಚುತ್ತಿದ್ದರು. ಕಣ್ಣು ಮುಚ್ಚಿ ಒಂದಷ್ಟು ಹೊತ್ತು ಇದ್ದು, "ನಡದೈತಿ," ಎಂದು ಎದ್ದು ಹೋಗುತ್ತಿದ್ದರು.

ಅವರು ಹೋದದ್ದೇ ತಡ, ಶಿವಪುತ್ರ ತಾನೂ ಕಿವಿ ಹಚ್ಚುತ್ತಿದ್ದ. ಏನೂ ಇಲ್ಲ. ಪಕ್ಕದಲ್ಲಿದ್ದ ಗುರುಗಳ ಗಡಿಗೆ, ದೀಪಾವಳಿಗೂ ಮುಂಚೆ ಹಾಕಿದ್ದು, ತನ್ನ ಪಾಡಿಗೆ ತಾನು ಗುಳುಗುಟ್ಟುತ್ತಿತ್ತು. ಅದರ ಮೇಲೆ ಅವನಿಗೆ ಹೊಟ್ಟೆಕಿಚ್ಚು.

"ನನಗ ಏನೂ ಕೇಳಸವಲ್ದಲ್ರಿ, ಅಪ್ಪಾರ?"

"ಚಳಿ ಐತಿ. ಅದಕ್ಕೂ ಮೈ ಕಾಯಬೇಕಲ್ಲೋ."

ಅಂದಿನಿಂದ ಅವನು ತನ್ನ ಕಂಬಳಿಯನ್ನೂ ಗಡಿಗೆಗೇ ಹೊದಿಸಿ, ತಾನು ಧೋತರ ಸುತ್ತಿಕೊಂಡು ಗಡಗಡ ನಡುಗುತ್ತ ಮಲಗಿದ. ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ಮುಂಜಾನೆಯ ಆ ಒಂದು "ನಡದೈತಿ" ಇಲ್ಲದಿದ್ದರೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಸಂಕ್ರಮಣದ ಹಿಂದಿನ ದಿನ. ಗುರುಗಳು ಅಂಗಳದಲ್ಲಿ ಬೇರು ಒಣಹಾಕುತ್ತಿದ್ದರು. ಶಿವಪುತ್ರ ತಾಮ್ರದ ಹಂಡೆ ಹೊತ್ತು ಅವರ ಬೆನ್ನ ಹಿಂದಿನ ಮೆಟ್ಟಿಲು ಇಳಿಯುತ್ತಿದ್ದ. ಹಂಡೆ ಕೈಜಾರಿ ಮೆಟ್ಟಿಲ ಮೇಲೆ ಢಣಢಣ ಉರುಳಿತು.

ಗುಬ್ಬಿಗಳೆಲ್ಲ ಭರ್ರನೆ ಹಾರಿದವು. ಕಟ್ಟಿದ್ದ ಎಮ್ಮೆ ಬೆದರಿ ಹಗ್ಗ ಜಗ್ಗಿತು. ಅಡವಯ್ಯಪ್ಪನವರು ಮಾತ್ರ ಹಿಂದಿರುಗಿ ನೋಡಲಿಲ್ಲ. ಬೇರು ಹರವುತ್ತಲೇ ಇದ್ದರು.

"ಅಪ್ಪಾರ!" ಎಂದು ಕೂಗಿದ.

ಇನ್ನೊಮ್ಮೆ, ಗಂಟಲು ಹರಿಯುವಂತೆ ಕೂಗಿದ. ಅವರು ಇನ್ನೊಂದು ಬೇರು ಎತ್ತಿಕೊಂಡರು.

ಶಿವಪುತ್ರನಿಗೆ ಎಲ್ಲ ತಿಳಿಯಿತು. ಇವರಿಗೆ ಕಿವಿ ಕೇಳುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾರೆ. ಹಾಗಾದರೆ ದಿನಾ ಮುಂಜಾನೆ ಗಡಿಗೆಯಲ್ಲಿ ಕೇಳಿದ್ದೇನು?

ಅವನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿಗಿಂತ ಸಂಕಟವೇ ಹೆಚ್ಚು. ಕೋಣೆಗೆ ನುಗ್ಗಿ ಗಡಿಗೆಯನ್ನು ಹೊಟ್ಟಿನಿಂದ ಎತ್ತಿದ. ಮಣ್ಣು ಒಡೆದು ಬಟ್ಟೆ ಬಿಚ್ಚಿದ. ನೊರೆ ಇಲ್ಲ, ಗುಳ್ಳೆ ಇಲ್ಲ. ಹಾಕಿದ ಹೂ ಹಾಕಿದ ಹಾಗೇ ತೇಲುತ್ತಿತ್ತು. ಬೆರಳದ್ದಿ ನೆಕ್ಕಿದ. ಬರೀ ಬೆಲ್ಲದ ನೀರು.

ಕೈಗುಣವೂ ಇಲ್ಲ, ಗುರುವಿನ ಮಾತೂ ಖರೆಯಲ್ಲ. ಗಡಿಗೆಯನ್ನು ಹುಣಸೆ ಮರದ ಬುಡಕ್ಕೆ ಒಯ್ದು ಸುರಿದ.

ತಳದಲ್ಲಿ ಒಂದು ತಂಬಿಗೆಯಷ್ಟು ಉಳಿದಾಗ ಮೂಗಿಗೆ ಏನೋ ಚುರ್ರೆಂದಿತು. ಬಗ್ಗಿ ನೋಡಿದ. ಉಬ್ಬಿದ ದ್ರಾಕ್ಷಿಗಳ ನಡುವಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಏಳುತ್ತಿದ್ದವು. ಗಡಿಗೆಯ ಬಾಯಿಗೆ ಕಿವಿ ಇಟ್ಟ. ಸೊಯ್ಯೆನ್ನುವ ತೆಳ್ಳನೆಯ ದನಿ.

ಶುರುವಾಗಿತ್ತು. ಅವನ ಕೈಯಿಂದಲೇ ಶುರುವಾಗಿತ್ತು.

ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಶಿವಪುತ್ರ ಬಿಕ್ಕಿ ಬಿಕ್ಕಿ ಅತ್ತ.

ಅಡವಯ್ಯಪ್ಪನವರು ಬಂದು ಅವನ ಎದುರಿಗೆ ಕೂತರು. ಒದ್ದೆ ಮಣ್ಣು ಒಂದು ಚಿಟಿಕೆ ಎತ್ತಿ ಮೂಸಿದರು.

"ಎದ್ದಿತ್ತಲ್ಲೋ," ಎಂದರು. ಬೈಯಲಿಲ್ಲ.

ಅವನು ಮುಖ ಎತ್ತಿ ಅವರಿಗೆ ಕಾಣುವಂತೆ ಕೇಳಿದ. "ನಿಮಗ ಕಿವಿ ಕೇಳೂದಿಲ್ಲ. ಹೌದಲ್ರಿ?"

"ಬಾಳ ವರ್ಷಾತು."

"ಮತ್ತ ದಿನಾ ಯಾಕ ಗಡಿಗಿಗೆ ಕಿವಿ ಹಚ್ಚತಿದ್ರಿ?"

"ನೀ ಹಾಕಿದ್ದು ನೋಡಿದ್ದೆ. ಹೂ ಚಲೋ ಇತ್ತು, ಬೆಲ್ಲ ಚಲೋ ಇತ್ತು. ಒಂದೀಟು ಅದರ ಬಾಜೂ ಕೂತು ಹೋಗೂಣು ಅನಸ್ತಿತ್ತು."

ಗುರುಗಳು ಹೆಗಲ ಮೇಲಿನ ತಮ್ಮ ವಸ್ತ್ರ ತೆಗೆದು ಗಡಿಗೆಯ ಬಾಯಿಗೆ ಕಟ್ಟಿದರು.

"ಇಷ್ಟು ಉಳದೈತಲ್ಲ, ಹೊಸಾದಕ್ಕ ಇದ ಹೆಪ್ಪು. ಏಳು, ದ್ರಾಕ್ಷಿ ಕುದಿಸು."

"ನಾಳೆ ಅಣ್ಣ ಬರ್ತಾನ್ರಿ. ಅವಗ ಏನು ತೋರಸ್ಲಿ?"

"ನೀ ಏನೂ ತೋರಸಬ್ಯಾಡ. ನಡದೈತಿ ಅಂತ ನಾ ಹೇಳ್ತೀನಿ."

"ಏನೂ ಕೇಳಸದ ಹೆಂಗ ಹೇಳ್ತೀರಿ ಅಪ್ಪಾರ?"

ಅಡವಯ್ಯಪ್ಪನವರು ಅವನ ಕಣ್ಣೊರೆಸಿದರು.

"ನಿನ್ನ ಕಡೀಂದನೂ ನನಗ ಇನ್ನೂ ಏನೂ ಕೇಳಿಸಿಲ್ಲಪಾ. ನಿನ್ನ ಚೆಲ್ಲೀನೇನು?"