ಗಲ್ಲಾದ ಬಳಿ ಬದಲಾಗುವ ಬೆಲೆ

ಕಂಚಿನಗುಡ್ಡದ ದೊರೆ ಬಿಲ್ಲಪ್ಪ ನಾಯಕರ ಓಲಗದಲ್ಲಿ ಚೆನ್ನವೀರ ಸಾಹುಕಾರ ಬಡಾಯಿ ಕೊಚ್ಚದ ದಿನವೇ ಇರಲಿಲ್ಲ.

"ನನ್ನ ಮಳಿಗೆಯಲ್ಲಿ ಚೌಕಾಸಿ ಇಲ್ಲ ಮಹಾಸ್ವಾಮಿ. ಪ್ರತಿ ಸರಕಿನ ಮೇಲೂ ಬೆಲೆಯ ಹಲಗೆ ತೂಗುಹಾಕಿದ್ದೇನೆ. ಬೇಕಾದ್ದನ್ನು ತಾವೇ ಎತ್ತಿಕೊಂಡು, ಬಾಗಿಲ ಬಳಿ ಗಲ್ಲಾದಲ್ಲಿ ಹಣ ಕೊಟ್ಟು ಹೋಗಬಹುದು. ಮಗು ಬಂದರೂ ಮೋಸವಿಲ್ಲ."

ಮೋಸವಿಲ್ಲವಂತೆ! ಹಲಗೆಯಲ್ಲಿ ಒಂದು ಬೆಲೆ, ಗಲ್ಲಾದಲ್ಲಿ ಇನ್ನೊಂದು. ಕೇಳಿದರೆ, "ಹಲಗೆ ಹಳೆಯದು, ಬದಲಾಯಿಸಲು ಮರೆತಿದೆ" ಎಂಬ ಒಂದೇ ಪಾಠ. ಇದು ಊರಿಗೆಲ್ಲ ಗೊತ್ತಿತ್ತು. ಅರಮನೆಗೆ ಮಾತ್ರ ಗೊತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಯಾರೂ ಸ್ವಂತ ಗಂಟು ಬಿಚ್ಚಿ ತುಪ್ಪ ಕೊಂಡವರಲ್ಲ.

ಒಂದು ದಿನ ನೇಕಾರರ ನಿಂಗವ್ವ, ದೊರೆಯ ಆಪ್ತನಾದ ಜಾಣ ಅಡವೆಪ್ಪನ ಮನೆಗೆ ಬಂದಳು.

"ಅಣ್ಣಾ, ಮಗಳು ಬಾಣಂತಿ. ಒಂದು ಸೇರು ತುಪ್ಪ, ಮಿಕ್ಕಿದ್ದಕ್ಕೆ ಕೊಬ್ಬರಿ ತರೋಣ ಅಂತ ಆರು ಹಣ ಕಟ್ಕೊಂಡು ಹೋದೆ. ತುಪ್ಪದ ಹಲಗೇಲಿ ನಾಕು ಅಂತ ಇತ್ತು. ಗಲ್ಲಾದೋರು ಆರೂ ಇಸ್ಕೊಂಡು, ಆಮೇಲೆ ಬೆಲೆ ಹೇಳಿದ್ರು. ಕೊಬ್ಬರಿ ಇಲ್ದೆ ಬಂದೆ."

"ತುಪ್ಪ ಹಿಂದಕ್ಕೆ ಕೊಟ್ಟು ಹಣ ಕೇಳಬೇಕಿತ್ತು ತಾಯಿ."

"ಕೇಳಿದೆ. ಹೊಸ್ತಿಲು ದಾಟಿದ ಮಾಲು ವಾಪಸಿಲ್ಲ ಅಂದ್ರು. ಎರಡು ಹಣಕ್ಕೆ ಇಷ್ಟು ರಂಪವಾ ಅಂತ ಸಾಹುಕಾರ್ರೇ ನಕ್ಕರು."

ಅಡವೆಪ್ಪನಿಗೆ ಮೈ ಉರಿಯಿತು. ನೇರವಾಗಿ ದೊರೆಯ ಬಳಿ ಹೋಗಿ, ಒಂದು ದಿನದ ಮಟ್ಟಿಗೆ ಅರಮನೆಯ ಉಗ್ರಾಣವನ್ನು ತನ್ನ ಸುಪರ್ದಿಗೆ ಕೇಳಿ ಪಡೆದ.

ಮರುದಿನ ಉಗ್ರಾಣದ ಬಾಗಿಲಲ್ಲಿ ಹಲಗೆಯೊಂದು ನೇತಾಡುತ್ತಿತ್ತು: ತುಪ್ಪ ಬೇಕಾಗಿದೆ, ಕೊಡಕ್ಕೆ ಅರವತ್ತು ಹಣ.

ಪೇಟೆಯ ಧಾರಣೆ ನಲವತ್ತು. ಸಾಹುಕಾರನ ಬಾಯಲ್ಲಿ ನೀರೂರಿತು. ಬೇರೆಯವರು ಬರುವ ಮೊದಲೇ ನಲವತ್ತು ಕೊಡ ತುಪ್ಪ ತಂದು ಇಳಿಸಿದ. ಕೊನೆಯ ಕೊಡ ಒಳಗೆ ಹೋದ ಮೇಲೆ ಅಡವೆಪ್ಪ ಕೊಡಕ್ಕೆ ನಲವತ್ತರಂತೆ ಎಣಿಸಿ ಕೊಟ್ಟ.

"ಇದೇನು? ಅರವತ್ತು ಅಂತ ಬರೆದಿದೆಯಲ್ಲ!"

"ಹಲಗೆ ಹಳೆಯದು ಸಾಹುಕಾರರೇ. ಬದಲಾಯಿಸಲು ಮರೆತಿದೆ."

"ಹಾಗಾದರೆ ನನ್ನ ತುಪ್ಪ ವಾಪಸು ಕೊಡಿ."

"ಹೊಸ್ತಿಲು ದಾಟಿದೆಯಲ್ಲ."

ತನ್ನದೇ ಮಾತು ಎಂಬುದು ಕೂಡ ಆ ಮಹಾನುಭಾವನಿಗೆ ಹೊಳೆಯಲಿಲ್ಲ. ದುಡ್ಡು ಹೋದವನಿಗೆ ಕಿವಿ ಎಲ್ಲಿರುತ್ತದೆ? ಎದೆ ಬಡಿದುಕೊಳ್ಳುತ್ತಾ ಓಲಗಕ್ಕೆ ಓಡಿದ. ಅಡವೆಪ್ಪನೂ ಹಿಂದೆಯೇ ನಡೆದ.

"ನಿನಗೇನು ಆಗಬೇಕು?" ಎಂದರು ದೊರೆ.

"ಹಲಗೆಯಲ್ಲಿ ಬರೆದದ್ದೇ ಬೆಲೆ ಮಹಾಸ್ವಾಮಿ. ಮರೆತವರು ಮರೆತದ್ದಕ್ಕೆ ನಾನೇಕೆ ತೆರಬೇಕು? ವ್ಯತ್ಯಾಸದ ಹಣ ಕೊಡಿಸಿ. ಅಲೆದಾಡಿಸಿದ್ದಕ್ಕೆ ಅಷ್ಟೇ ದಂಡವನ್ನೂ ಕೊಡಿಸಿ."

ಅಡವೆಪ್ಪ ಕರಣಿಕರತ್ತ ತಿರುಗಿದ. "ಬರೆದುಕೊಳ್ಳಿ. ಸಾಹುಕಾರರೇ, ಈ ನ್ಯಾಯ ಅರಮನೆಗೆ ಮಾತ್ರವೋ, ಪೇಟೆಗೂ ಉಂಟೋ?"

"ನ್ಯಾಯ ಎಲ್ಲರಿಗೂ ಒಂದೇ!" ಸಾಹುಕಾರ ಅಬ್ಬರಿಸಿದ.

ದೊರೆ ಮುದ್ರೆ ಒತ್ತಿದರು. ವ್ಯತ್ಯಾಸದ ಎಂಟುನೂರು, ದಂಡದ ಎಂಟುನೂರು ಸಾಹುಕಾರನ ಮುಂದೆ ಬಂದು ಬಿದ್ದವು. ಅವನು ಕೈ ಚಾಚುವಷ್ಟರಲ್ಲಿ ಅಡವೆಪ್ಪ ಬಾಗಿಲು ತೆರೆಸಿದ. ಮೊದಲು ಒಳಗೆ ಬಂದವಳು ನಿಂಗವ್ವ. ಅವಳ ಹಿಂದೆ ಮಳಿಗೆಯ ಚೀಟಿ ಹಿಡಿದ ಜನ, ಕೋಟೆಯ ಬಾಗಿಲವರೆಗೂ ಸಾಲು.

ಆ ರಾಶಿಯಿಂದಲೇ ವ್ಯತ್ಯಾಸದ ಎರಡು, ದಂಡದ ಎರಡು, ಒಟ್ಟು ನಾಲ್ಕು ಹಣ ನಿಂಗವ್ವನ ಕೈಗೆ ಬಿತ್ತು. ಅವಳು ಅಲ್ಲಿ ನಿಲ್ಲಲಿಲ್ಲ, ಕೊಬ್ಬರಿ ತರಲು ಹೋದಳು. ಉಳಿದವರಿಗೂ ಹಾಗೆಯೇ ತೀರಿಸುತ್ತಾ ಹೋದಾಗ, ಸಾಲು ಅರ್ಧ ಕರಗುವ ಮೊದಲೇ ಸಾಹುಕಾರನ ಮುಂದಿದ್ದ ರಾಶಿ ಕರಗಿತ್ತು.

"ಮಹಾಸ್ವಾಮಿ, ನೂರಾರು ಸರಕಿನ ಮಳಿಗೆ," ಎಂದು ಅವನು ಕೈಮುಗಿದ. "ತಪ್ಪು ಆಗದೆ ಇರುತ್ತದೆಯೇ? ತಪ್ಪಿಗೂ ಮೋಸಕ್ಕೂ ವ್ಯತ್ಯಾಸವಿಲ್ಲವೇ?"

ದೊರೆ ಅಡವೆಪ್ಪನ ಮುಖ ನೋಡಿದರು.

"ಇದೆ ಪ್ರಭು," ಎಂದ ಅಡವೆಪ್ಪ. "ಇಡೀ ಊರಿನಲ್ಲಿ ಗಲ್ಲಾದವರು ಮರೆತು ಹಲಗೆಗಿಂತ ಕಡಿಮೆ ಹಣ ಪಡೆದು ಕಳಿಸಿದವನು ಒಬ್ಬನಾದರೂ ಸಿಕ್ಕರೆ, ಅದನ್ನು ತಪ್ಪು ಅಂತ ನಾನೇ ಒಪ್ಪುತ್ತೇನೆ."