ಮೊರದ ಬಾಗಿನದಲ್ಲಿ ಉಳಿದ ಊರು

ಮಡಿಲು ತುಂಬುವ ತಾಯಿ ಸ್ವರ್ಣಗೌರಿಗೆ ಶರಣು. ಅವಳನ್ನು ನೆನೆದೇ ಈ ಕಥೆ ಶುರು. ಕೇಳಿ ಮಕ್ಕಳೇ.

ಹೊಂಬಾಳೆಕೋಟೆಯ ದೇವಾಲಯದಲ್ಲಿ ಓಲೆಗರಿಗಳ ಭಂಡಾರವೊಂದಿತ್ತು. ಊರು ಹುಟ್ಟಿದ ಬಗೆ, ಹಿರಿಯರ ಹೆಸರು, ಹಾಡು, ಮದ್ದು, ಎಲ್ಲವೂ ಅಲ್ಲಿತ್ತು. ಅದನ್ನು ಕಾಯುತ್ತಿದ್ದವರು ಅನಂತಪ್ಪಯ್ಯ. ಮಡಿ ಉಡದೆ ಒಂದು ಗರಿಯನ್ನೂ ಮುಟ್ಟುತ್ತಿರಲಿಲ್ಲ. ಬೇರೆಯವರನ್ನು ಮುಟ್ಟಗೊಡುತ್ತಲೂ ಇರಲಿಲ್ಲ.

ಗೌರಿಹಬ್ಬದ ಹೊತ್ತಿಗೇ ವೈರಿ ದಂಡು ಊರನ್ನು ಮುತ್ತಿತು. "ಹೆಂಗಸರು, ಮಕ್ಕಳು ಹೊರಟುಹೋಗಲಿ. ನಾಳೆ ಭಂಡಾರಕ್ಕೆ ಬೆಂಕಿ. ಇಲ್ಲೊಂದು ಊರಿತ್ತೆಂದು ಯಾರೂ ನೆನೆಯಬಾರದು" ಎಂದು ಡಂಗುರ ಹೊಡೆಸಿದರು.

ಅನಂತಪ್ಪಯ್ಯನವರು ಭಂಡಾರದ ಬಾಗಿಲಿಗೆ ಅಡ್ಡ ಕೂತರು. ಅವರ ಅಕ್ಕ ಪದ್ದಕ್ಕ ಬಂದು ಹೇಳಿದಳು:

"ತಮ್ಮಾ, ತವರಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಮೊರದ ಬಾಗಿನ ತಯಾರಾಗಿದೆ. ಅಕ್ಕಿಬೇಳೆಯ ಕೆಳಗೆ ಒಂದೊಂದು ಗರಿಯ ಕಟ್ಟು ಇಟ್ಟು ಕಳಿಸೋಣ. ಅವರ ಗಂಡನ ಮನೇಲಿ ಉಳ್ಕೊಳ್ತವೆ."

"ಮಡಿ ಕೆಡತ್ತಲ್ಲಕ್ಕಾ!"

"ನಾಳೆ ಬೂದಿಗೆ ಮಡಿ ಉಡಿಸ್ತೀಯೇನೋ?"

ಅಯ್ಯನವರು ಗೌರಿಯ ಮುಖ ನೋಡಿದರು. ಬೀಗದ ಕೈಯನ್ನು ಅಕ್ಕನ ಕೈಯಲ್ಲಿಟ್ಟರು.

ಪದ್ದಕ್ಕನ ಜೊತೆ ಮೊರ ಹೊತ್ತು ಹೊರಟ ಹೆಣ್ಣುಮಕ್ಕಳನ್ನು ಊರಬಾಗಿಲಲ್ಲಿ ಒಬ್ಬ ಸಿಪಾಯಿ ತಡೆದು, "ಮೊರ ತೆಗಿ, ನೋಡೋಣ" ಎಂದ.

ಪದ್ದಕ್ಕ ನಕ್ಕಳು. "ತೆಗಿಯೋ ಮಗನೇ. ಬಾಗಿನಕ್ಕೆ ಕೈಹಾಕಿದವನು ತವರಿನವನಾಗ್ತಾನೆ. ಇಷ್ಟು ಜನ ತಂಗಿಯರಿಗೂ ವರ್ಷಾ ವರ್ಷಾ ಸೀರೆ ಕುಪ್ಪಸ ಕೊಡಬೇಕು ನೋಡು!"

ಉಳಿದ ಸಿಪಾಯಿಗಳು ಗೊಳ್ಳೆಂದರು. ಅವನು ನಾಚಿ ದಾರಿ ಬಿಟ್ಟ.

ಮರುದಿನ ಬೆಂಕಿ ಬಿತ್ತು. ಸುಟ್ಟದ್ದು ಬರೀ ಪೆಟ್ಟಿಗೆಗಳು.

ತಾಯಿಯ ದಯೆ, ಯುದ್ಧ ಮುಗಿಯಿತು. ಮುಂದಿನ ಹಬ್ಬಕ್ಕೆ ಹೆಣ್ಣುಮಕ್ಕಳು ಮೊರ ಹೊತ್ತು ಬಂದರು. ಅರಿಶಿನ ಮೆತ್ತಿದ ಕಟ್ಟುಗಳನ್ನು ಅಯ್ಯನವರು ಒಂದೊಂದಾಗಿ ಕಣ್ಣಿಗೊತ್ತಿಕೊಂಡರು. ಕೊನೆಗೆ ಬಂದ ತುಂಗಮ್ಮನ ಮೊರ ಮಾತ್ರ ಖಾಲಿ.

"ನನ್ನ ಕಟ್ಟು ಗೆದ್ದಲು ಹಿಡೀತು, ಅಯ್ಯನವರೇ" ಎಂದು ಅತ್ತಳು. "ಅಷ್ಟರಲ್ಲಿ ಓದು ಬಲ್ಲವರಿಂದ ಓದಿಸಿ ಓದಿಸಿ ಬಾಯಿಪಾಠ ಮಾಡ್ಕೊಂಡಿದ್ದೆ. ಹಾಡ್ಲಾ?"

ಅವಳು ಹಾಡಿದಳು. ಅಯ್ಯನವರು ಅವಳೆದುರು ನೆಲದ ಮೇಲೆ ಕೂತು, ಹೊಸ ಗರಿಯ ಮೇಲೆ ಬರೆಯುತ್ತಾ ಹೋದರು. ಆ ದಿನ ಅವರು ಮಡಿ ಉಟ್ಟಿರಲಿಲ್ಲ.

ಅಂದಿನಿಂದ ಆ ಊರಿನ ಪ್ರತಿ ಬಾಗಿನದಲ್ಲೂ ನಕಲು ಮಾಡಿದ ಒಂದು ಓಲೆಗರಿ ಇರುತ್ತದೆ.

ನೀತಿ: ಬೀಗ ಹಾಕಿಟ್ಟ ನೆನಪನ್ನು ಒಂದು ಕಿಡಿ ಸುಡಬಲ್ಲದು, ಹಂಚಿಟ್ಟ ನೆನಪನ್ನು ದಂಡು ಬಂದರೂ ಸುಡಲಾಗದು. ನಮಗಾಗಿ ಕಾಪಾಡಿ ಕೊಟ್ಟವರನ್ನು ನೆನೆಯೋಣ, ನಾವೂ ಹಂಚೋಣ.

ಕೇಳಿದ ನಿಮ್ಮೆಲ್ಲರ ಮಡಿಲನ್ನೂ ಮನೆಯನ್ನೂ ತಾಯಿ ಗೌರಿ ತುಂಬಲಿ.