ಐತಾಳರ ಅಣ್ಣ

ಐತಾಳರ ಹೋಟೆಲಿಗೆ ಲೇಬರ್ ಇನ್ಸ್‌ಪೆಕ್ಟರ್ ಬರುವ ಸುದ್ದಿ ಸಿಕ್ಕಿತು. ಕೆಲಸದವರನ್ನು ತೋರಿಸಿದರೆ ವಾರದ ರಜೆ, ಪಿಎಫ್ ಎಲ್ಲ ಕೊಡಬೇಕಲ್ಲ! ಅವರು ದೋಸೆ ಹುಯ್ಯುವ ಸುಬ್ರಾಯನನ್ನು ಗದರಿದರು: “ನಮ್ಮ ಮನೆಯವನೇ ಅಂತ ಹೇಳು. ಇಲ್ಲದಿದ್ರೆ ನಾಳೆಯಿಂದ ಬರಬೇಡ.”

ಇನ್ಸ್‌ಪೆಕ್ಟರ್ ಬಂದವರೇ ಸುಬ್ರಾಯನನ್ನು ಕೇಳಿದರು, “ನೀವು ಯಾರು?”

“ಇವನ ಅಣ್ಣ, ಸಾರ್.” ಸುಬ್ರಾಯ ಸಟ್ಟುಗವನ್ನು ಐತಾಳರ ಕೈಗಿಟ್ಟು, ಹೋಗಿ ಗಲ್ಲಾದಲ್ಲಿ ಕೂತುಬಿಟ್ಟ. “ತಮ್ಮಾ, ಸಾಹೇಬರಿಗೊಂದು, ನನಗೊಂದು ಮಸಾಲೆ ದೋಸೆ ಹಾಕು. ತುಪ್ಪ ಧಾರಾಳವಾಗಿರಲಿ.”

ಐತಾಳರು ಹಲ್ಲು ಕಚ್ಚಿಕೊಂಡು ದೋಸೆ ಹುಯ್ದರು. ಎರಡೂ ಸೀದುಹೋದವು.

“ಚಿಕ್ಕಂದಿನಿಂದಲೂ ಹೀಗೇ, ಸಾರ್,” ಎಂದು ಸುಬ್ರಾಯ ನಿಟ್ಟುಸಿರುಬಿಟ್ಟ. “ಅದಕ್ಕೇ ಹೋಟೆಲಿನಲ್ಲಿ ನನ್ನ ಪಾಲು ಕೇಳೋಣ ಅಂತಿದ್ದೇನೆ.”

ಐತಾಳರು ಸಟ್ಟುಗ ಬಿಸಾಡಿ ಇನ್ಸ್‌ಪೆಕ್ಟರ್ ಹತ್ತಿರ ಓಡಿಬಂದರು.

“ಬರ್ಕೊಳ್ಳಿ ಸಾರ್! ಇವನು ಕೆಲಸದವನು! ಹೋಟೆಲ್ ಶುರುವಾದ ದಿನದಿಂದ ಕೆಲಸದವನು!”